ಹಂದಿ ತಿಂದ ರಂಜಕದಲ್ಲಿ ಮೈಗೆ ಹತ್ತಿದ್ದೆಷ್ಟು?

ಯಲಹಂಕ, ದೊಡ್ಡಬಳ್ಳಾಪುರ ಕಡೆಯ ಹಂದಿ ಸಾಕಣೆದಾರರಿಗೆ ಆಹಾರದ ಲೆಕ್ಕ ಹಾಕಿಕೊಡುವುದು ನನ್ನ ಕೆಲಸ. ಫೋನ್ ಮಾಡಿದವರು ಹೆಚ್ಚಾಗಿ ಕೇಳುವುದು ಇದನ್ನೇ: "ಸಾರ್, ಮರಿ ಕಾಲು ಎಳೀತಿದೆ, ಸುಣ್ಣಕಲ್ಲಿನ ಪುಡಿ ಇನ್ನೊಂದೆರಡು ಕೆಜಿ ಜಾಸ್ತಿ ಹಾಕ್ಲಾ?" ಬೇಡ ಅನ್ನುತ್ತೇನೆ. ಬರೀ ಬಾಯಿಮಾತಿಗೆ ಯಾರೂ ಒಪ್ಪುವುದಿಲ್ಲವಾದ್ದರಿಂದ, ತಿಂದ ರಂಜಕದಲ್ಲಿ (ಫಾಸ್ಫರಸ್) ಮೈಗೆ ಹತ್ತುವುದೆಷ್ಟು ಅಂತ ಪರಿಚಯದವರೊಬ್ಬರ ಫಾರ್ಮಿನಲ್ಲೇ ಅಳೆದು ನೋಡಿದೆ.

ನಮ್ಮ ಕಡೆ ಹಾಕುವುದು ಮುಸುಕಿನ ಜೋಳ, ಸೋಯಾ ಹಿಂಡಿ, ಅಕ್ಕಿ ತೌಡು. ಇವುಗಳಲ್ಲಿರುವ ರಂಜಕದ ಹೆಚ್ಚುಪಾಲು ಫೈಟೇಟ್ ಎಂಬ ಸಂಯುಕ್ತವಾಗಿ ಕಟ್ಟಿಬಿದ್ದಿರುತ್ತದೆ. ಅದನ್ನು ಬಿಡಿಸುವ ಫೈಟೇಸ್ ಕಿಣ್ವ ಹಂದಿಗೆ ಸಾಕಷ್ಟಿಲ್ಲ. ತೌಡಿನಲ್ಲಿ ಶೇ 1.5ರಷ್ಟು ರಂಜಕ ಇದ್ದರೂ ಮೈಗೆ ಹತ್ತುವುದು ಅದರ ಚಿಕ್ಕ ಪಾಲು. ಮೇಲಿಂದ ಸುಣ್ಣ ಸುರಿದರೆ ಅದರ ಕ್ಯಾಲ್ಸಿಯಂ ಹೋಗಿ ಫೈಟೇಟ್‌ಗೆ ಅಂಟಿಕೊಂಡು, ಸಿಗುತ್ತಿದ್ದ ರಂಜಕವೂ ತಪ್ಪುತ್ತದೆ. ಮೂಳೆಗೆ ಎರಡೂ ಬೇಕು. ಹಾಗಾಗಿ ಎಳೆಯುವ ಕಾಲು ಇನ್ನಷ್ಟು ಎಳೆಯುತ್ತದೆ.

ಬೀಜ ತೆಗೆಸಿದ ಯಾರ್ಕ್‌ಶೈರ್ ಗಂಡುಮರಿಗಳನ್ನು, ತೂಕ 25 ಕೆಜಿ ದಾಟಿದ ಮೇಲೆ, ಒಂಟಿ ಪಂಜರಕ್ಕೆ ಹಾಕಿ ಹೊಸ ಆಹಾರಕ್ಕೆ ಒಗ್ಗಲು ಬಿಟ್ಟೆ. ಆಮೇಲೆ ಬೆಳಗಿನ ಮೊದಲ ಆಹಾರಕ್ಕೆ ಇಂಡಿಗೋ ಕಾರ್ಮೈನ್ ಎಂಬ ನೀಲಿ ಬಣ್ಣ ಬೆರೆಸಿದೆ. ನೀಲಿ ಸಗಣಿ ಕಂಡ ಕೂಡಲೇ ಸಂಗ್ರಹ ಶುರು. ಕೊನೆಗೆ ಮತ್ತೆ ಬಣ್ಣ ಹಾಕಿ, ಎರಡನೇ ನೀಲಿ ಕಂಡಾಗ ನಿಲ್ಲಿಸುವುದು. ಮೂತ್ರ ಸೋಕದಂತೆ ಪಂಜರದ ಕೆಳಗೆ ಸಣ್ಣ ಕಣ್ಣಿನ ಜಾಲರಿ, ಅದರಡಿ ಇಳಿಜಾರು ತಗಡು. ತೊಟ್ಟಿಯಿಂದ ಚೆಲ್ಲಿದ್ದನ್ನೂ ಗುಡಿಸಿ, ಒಣಗಿಸಿ, ತೂಗಿ, ತಿಂದ ಲೆಕ್ಕದಿಂದ ಕಳೆಯಬೇಕು. ಇದರಲ್ಲಿ ಸೋಮಾರಿತನ ಮಾಡಿದರೆ ಉಳಿದ ಲೆಕ್ಕವೆಲ್ಲ ನೀರುಪಾಲು. ನಮ್ಮ ಬೋರ್‌ವೆಲ್ ನೀರು ಗಡಸು, ಅದರ ಕ್ಯಾಲ್ಸಿಯಂ ಕೂಡ ಲ್ಯಾಬಿನಲ್ಲಿ ನೋಡಿಸಿ ಲೆಕ್ಕಕ್ಕೆ ಸೇರಿಸಿದೆ.

ಲೆಕ್ಕ ಸುಲಭ. ಹಂದಿ ದಿನಕ್ಕೆ 8 ಗ್ರಾಂ ರಂಜಕ ತಿಂದು ಸಗಣಿಯಲ್ಲಿ 4.8 ಗ್ರಾಂ ಹೊರಹಾಕಿದರೆ ಜೀರ್ಣತೆ ಶೇ 40. ಕರುಳೇ ಸುರಿಸುವ ಅಲ್ಪ ರಂಜಕವೂ ಸಗಣಿಗೆ ಸೇರುತ್ತದೆ. ತಿಂದ ಒಣಪದಾರ್ಥದ ಕೆಜಿಗೆ ಸುಮಾರು 190 ಮಿಲಿಗ್ರಾಂ ಅಂತ ಹಿಡಿದು ಅದನ್ನು ತಿದ್ದಿಕೊಳ್ಳುತ್ತೇವೆ. ಕೆಲವು ಮರಿಗಳ ಆಹಾರಕ್ಕೆ ಫೈಟೇಸ್ ಬೆರೆಸಿದ್ದೆ; ಅವುಗಳ ಸಗಣಿಯಲ್ಲಿ ರಂಜಕ ಸ್ಪಷ್ಟವಾಗಿ ಇಳಿದಿತ್ತು. ಜೊತೆಗೆ ಸುಣ್ಣವನ್ನೂ ಹೆಚ್ಚಿಸಿದ ಗುಂಪಿನಲ್ಲಿ ಆ ಲಾಭ ಕರಗಿತ್ತು. ಆ ಹಾಳೆ ನೋಡಿದ ಮೇಲೆ ಫಾರ್ಮಿನ ಯಜಮಾನರು ಸುಣ್ಣದ ಚೀಲ ಒಳಗಿಟ್ಟರು. ಸಗಣಿಯಲ್ಲಿ ಹೋಗುವ ರಂಜಕ ಮಳೆಯಲ್ಲಿ ಕೊಚ್ಚಿ ಕೆರೆ ಸೇರುತ್ತದೆ ಅನ್ನುವ ಚಿಂತೆಯೂ ನನಗಿದೆ.

ಈಗ ನಾನು ಮೊದಲು ಜೀರ್ಣವಾಗುವ ರಂಜಕ ಕೂಡಿಸಿಕೊಂಡು, ಸುಣ್ಣವನ್ನು ಕೊನೆಗೆ ಲೆಕ್ಕ ಹಾಕುತ್ತೇನೆ. 25ರಿಂದ 50 ಕೆಜಿ ಹಂದಿಗೆ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ (ಎನ್‌ಆರ್‌ಸಿ) 2012ರ ಪಟ್ಟಿ ಹೇಳುವುದು ಆಹಾರದಲ್ಲಿ ಜೀರ್ಣವಾಗುವ ರಂಜಕ ಶೇ 0.31, ಒಟ್ಟು ಕ್ಯಾಲ್ಸಿಯಂ ಶೇ 0.66. ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್) ಎರಡನ್ನೂ ಕೊಡುತ್ತದೆ. ಉಳಿದ ಕ್ಯಾಲ್ಸಿಯಂ ಕೊರತೆಗಷ್ಟೇ ಸುಣ್ಣಕಲ್ಲಿನ ಪುಡಿ. ಅದರಲ್ಲಿ ಶೇ 38ರಷ್ಟು ಕ್ಯಾಲ್ಸಿಯಂ ಇರುವುದರಿಂದ ಒಂದೆರಡು ಕೆಜಿ ಏರುಪೇರೂ ದೊಡ್ಡದು.

ಗ್ರಾಂಗೆ 5000 ಯೂನಿಟ್ ಇರುವ ಫೈಟೇಸ್ ಒಂದು ಟನ್ ಆಹಾರಕ್ಕೆ 100 ಗ್ರಾಂ ಸಾಕು. ಮೊದಲು ಐದಾರು ಕೆಜಿ ಜೋಳದ ಹಿಟ್ಟಿಗೆ ಬೆರೆಸಿ, ಆಮೇಲೆ ಮಿಕ್ಸರ್‌ಗೆ ಹಾಕಿ. ಹೋಟೆಲ್ ಉಳಿಕೆ ಬೇಯಿಸಿ ಹಾಕುವವರು ಅದು ಪೂರ್ತಿ ಆರಿದ ಮೇಲೆಯೇ ಫೈಟೇಸ್ ಸೇರಿಸಿ. ಬಿಸಿಗೆ ಕಿಣ್ವ ಸಾಯುತ್ತದೆ.