ಕಾರ್ಪೊರೇಟರ್ ಮೇಲೆ ದೂರು ಕೊಡ್ತೀರಾ? ಯಾರ ವಿವರ ಎಷ್ಟು ಬರೀಬೇಕು ಅಂತ ಮೊದಲು ನೋಡಿ

ಕಾರ್ಪೊರೇಟರ್ ಮೇಲೆ ಬರೆದ ದೂರನ್ನು ನೀವು ಕೊಡುವ ಅಧಿಕಾರಿ ಒಬ್ಬರೇ ಓದುವುದಿಲ್ಲ. ಟಪಾಲಿನಲ್ಲಿ ಸೀಲ್ ಹಾಕುವವರು ನೋಡುತ್ತಾರೆ, ಕಡತ ತೆರೆಯುವ ಕೇಸ್ ವರ್ಕರ್ ನೋಡುತ್ತಾರೆ, ವರದಿ ಕೇಳಿ ವಲಯ ಕಚೇರಿಗೆ ಕಳಿಸಿದರೆ ಅಲ್ಲಿ ಇನ್ನಿಬ್ಬರು ನೋಡುತ್ತಾರೆ, ಆಮೇಲೆ ವಿವರಣೆ ಕೇಳುವಾಗ ದೂರು ಯಾರ ಮೇಲಿದೆಯೋ ಅವರ ಕೈಗೇ ಒಂದು ಪ್ರತಿ ಹೋಗಬಹುದು. ಲೋಕಾಯುಕ್ತದಲ್ಲಂತೂ ತನಿಖೆ ಮಾಡುವುದಾದರೆ ದೂರಿನ ಪ್ರತಿಯನ್ನು ಎದುರಿನವರಿಗೆ ಕೊಟ್ಟು ಉತ್ತರ ಕೇಳಬೇಕು ಅಂತ 1984ರ ಕಾಯ್ದೆಯೇ ಹೇಳುತ್ತದೆ. ಅದು ನ್ಯಾಯವೇ. ಆದರೆ ಬರೆಯುವ ನೀವು ಪ್ರತಿ ಸಾಲನ್ನೂ ಆ ಸದಸ್ಯರೇ ಮನೆಯಲ್ಲಿ ಕೂತು ಓದುತ್ತಾರೆ ಅಂದುಕೊಂಡು ಬರೆಯಬೇಕು. ನಿಮ್ಮ ಹೆಸರು ಗೊತ್ತಾದರೂ ಪರವಾಗಿಲ್ಲ ಅಂತ ನೀವು ಧೈರ್ಯ ಮಾಡಿದ್ದೀರಿ. ಪಕ್ಕದ ಬೀದಿಯ ಅಜ್ಜಿ ಆ ಧೈರ್ಯ ಮಾಡಿಲ್ಲ. ಅವರ ಪಾಸ್‌ಬುಕ್ ಜೆರಾಕ್ಸ್ ನಿಮ್ಮ ದೂರಿನ ಹಿಂದೆ ಪಿನ್ ಆಗಿ ಹೋದರೆ ಹೇಗೆ?

ಮೊದಲು ನಿಮ್ಮ ವಿವರ. ಹೆಸರಿಲ್ಲದೆ ಬರೆಯೋಣ ಅನ್ನಿಸುತ್ತದೆ, ಆದರೆ ಮೂಗರ್ಜಿಯನ್ನು ಸಾಮಾನ್ಯವಾಗಿ ಪಕ್ಕಕ್ಕೆ ಇಡುತ್ತಾರೆ. ಲೋಕಾಯುಕ್ತಕ್ಕೆ ನಮೂನೆ 1ರಲ್ಲಿ ದೂರು, ನಮೂನೆ 2ರಲ್ಲಿ ಅಫಿಡವಿಟ್ ಎರಡೂ ಬೇಕು, ಹಾಗಾಗಿ ಅಲ್ಲಿ ಹೆಸರು ಮುಚ್ಚಿಡುವ ಮಾತೇ ಇಲ್ಲ. ಹೆಸರು, ಪತ್ರ ಬರುವ ವಿಳಾಸ, ಒಂದು ಫೋನ್ ನಂಬರ್, ಸಹಿ. ಇಷ್ಟು ಸಾಕು. ಹುಟ್ಟಿದ ದಿನ, ಜಾತಿ, ಎಲ್ಲಿ ಕೆಲಸ, ಮಕ್ಕಳು ಯಾವ ಶಾಲೆ, ಇದೆಲ್ಲ ಯಾರೂ ಕೇಳಿಲ್ಲ. ಗುರುತಿನ ಚೀಟಿ ಕೇಳಿದರೆ ಮಾಸ್ಕ್ ಮಾಡಿದ ಆಧಾರ್ ಕೊಡಿ. ಆಧಾರ್ ವೆಬ್‌ಸೈಟ್‌ನಲ್ಲೇ ಡೌನ್‌ಲೋಡ್ ಮಾಡುವಾಗ ಆ ಆಯ್ಕೆ ಇರುತ್ತದೆ, ಕೊನೆಯ 4 ಅಂಕಿ ಮಾತ್ರ ಕಾಣುತ್ತದೆ. ಜೆರಾಕ್ಸ್ ಮೇಲೆ ಅಡ್ಡಲಾಗಿ "ಇಂಥ ದೂರಿಗೆ ಮಾತ್ರ" ಅಂತ ಬರೆದು ದಿನಾಂಕ ಹಾಕಿ.

ಈಗ ದೂರು ಯಾರ ಮೇಲಿದೆಯೋ ಅವರ ವಿವರ. ಹೆಸರು, ವಾರ್ಡ್ ನಂಬರ್, ಅವರು ಏನು ಮಾಡಿದರು, ಯಾವಾಗ, ಎಲ್ಲಿ. ಮನೆ ವಿಳಾಸ ಬೇಡ, ಪಾಲಿಕೆ ಅಥವಾ ನಗರಸಭೆಯ ವಿಳಾಸ ಸಾಕು. ಅವರ ಹೆಂಡತಿಯ ಕಾಯಿಲೆ, ಮಗಳ ಮದುವೆ ಮುರಿದದ್ದು, ಯಾರ ಜೊತೆ ಓಡಾಡ್ತಾರೆ ಅನ್ನೋದು ಯಾವುದೂ ಬೇಡ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟ್‌ನ 9 ನ್ಯಾಯಮೂರ್ತಿಗಳ ಪೀಠ ಹೇಳಿತಲ್ವಾ, ಆ ಕೇಸ್ ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. ಆ ಹಕ್ಕು ನಮಗೆ ಇಷ್ಟವಿಲ್ಲದ ಕಾರ್ಪೊರೇಟರ್ ಮನೆಯವರಿಗೂ ಇದೆ. ಜೊತೆಗೆ, ಇಂಥ ಒಂದು ಸಾಲು ಸೇರಿದರೆ ಸಾಕು, "ಇದು ವೈಯಕ್ತಿಕ ದ್ವೇಷದ ದೂರು" ಅಂತ ಉತ್ತರ ಬರೆಯೋಕೆ ನೀವೇ ದಾರಿ ಮಾಡಿಕೊಟ್ಟ ಹಾಗಾಗುತ್ತದೆ.

ಆದರೆ ಮನೆಯ ವಿಷಯವೆಲ್ಲ ಖಾಸಗಿ ಅಂತ ಸುಮ್ನೆ ಬಿಡಲೂಬೇಡಿ. ವಾರ್ಡಿನ ಚರಂಡಿ ಕೆಲಸದ ಗುತ್ತಿಗೆ ತಮ್ಮನ ಹೆಸರಿನಲ್ಲಿದ್ದರೆ ಆ ಸಂಬಂಧವೇ ದೂರಿನ ಜೀವ. ತಮ್ಮನ ಹೆಸರು ಬರೆಯಲೇಬೇಕು, ಅವರ ಫೋನ್ ನಂಬರ್ ಬೇಡ. ಆಸ್ತಿಯೂ ಹಾಗೇ. ಚುನಾವಣೆಗೆ ನಿಂತಾಗ ಕೊಟ್ಟ ಅಫಿಡವಿಟ್ ಸಾರ್ವಜನಿಕ ದಾಖಲೆ. ಆಸ್ತಿ ವಿವರ ತಪ್ಪಾಗಿ ಕೊಟ್ಟಿದ್ದಕ್ಕೇ ಮೈಸೂರಿನ ಆಗಿನ ಮೇಯರ್ 2021ರಲ್ಲಿ ಹೈಕೋರ್ಟ್ ತೀರ್ಪಿನಿಂದ ಸದಸ್ಯತ್ವ ಕಳೆದುಕೊಂಡರು. ದೂರಿನ ಆರೋಪವನ್ನು ತೋರಿಸೋಕೆ ಆ ವಿವರ ಬೇಕೇಬೇಕು ಅಂತಾದರೆ ಬರೆಯಿರಿ. ಇಲ್ಲ ಅಂದರೆ ಬಿಡಿ.

ಹೆಚ್ಚು ಕಷ್ಟ ಇರುವುದು ಮೂರನೆಯವರ ವಿಷಯದಲ್ಲಿ. ವಿಧವಾ ವೇತನಕ್ಕೆ, ಮನೆ ಮಂಜೂರಾತಿಗೆ, ಖಾತೆಗೆ ದುಡ್ಡು ಕೇಳಿದರು ಅನ್ನೋ ದೂರುಗಳಲ್ಲಿ ನೊಂದವರು ಬೇರೆ, ಬರೆಯುವವರು ಬೇರೆ. ಹೀಗೆ ಬರೆಯೋದುಂಟು: "3ನೇ ಕ್ರಾಸ್‌ನ ಇಂಥವರು, ಗಂಡ ಕುಡಿದು ತೀರಿಕೊಂಡಿದ್ದಾರೆ, ಇವರ ಹತ್ತಿರ ಪಿಂಚಣಿ ಮಾಡಿಸಿಕೊಡುತ್ತೇನೆಂದು ಹಣ ತಿಂದರು, ಆಧಾರ್ ಮತ್ತು ಪಾಸ್‌ಬುಕ್ ಲಗತ್ತಿಸಿದೆ." ಇದನ್ನೇ ಹೀಗೆ ಬರೆಯಿರಿ: "ವಾರ್ಡಿನ ಒಬ್ಬ ಅರ್ಜಿದಾರರಿಂದ (ಮುಂದೆ ಸಾಕ್ಷಿ 1) ಇಂಥ ದಿನ, ಇಂಥ ಜಾಗದಲ್ಲಿ ವಿಧವಾ ವೇತನದ ಅರ್ಜಿಗೆ ಇಷ್ಟು ಹಣ ಕೇಳಿದರು. ಸಾಕ್ಷಿ 1 ಅವರ ಹೆಸರು, ವಿಳಾಸವನ್ನು ಅವರ ಒಪ್ಪಿಗೆ ಪಡೆದು ಮುಚ್ಚಿದ ಲಕೋಟೆಯಲ್ಲಿ ಪ್ರತ್ಯೇಕವಾಗಿ ಕೊಟ್ಟಿದ್ದೇನೆ, ವಿಚಾರಣಾಧಿಕಾರಿ ಮಾತ್ರ ತೆರೆಯಬೇಕೆಂದು ಕೋರುತ್ತೇನೆ." ಗಂಡ ಹೇಗೆ ಸತ್ತರು ಅನ್ನೋದು ಯಾವ ಆರೋಪಕ್ಕೂ ಬೇಕಿಲ್ಲ.

ಲಕೋಟೆ ಬೀಗ ಅಲ್ಲ ಅನ್ನೋದನ್ನೂ ಆ ಹೆಂಗಸಿಗೆ ಹೇಳಿ. ವಿಚಾರಣೆ ಮುಂದೆ ಹೋದರೆ ಅವರನ್ನು ಕರೆಯಬಹುದು, ಎದುರಿನವರಿಗೆ ಹೆಸರು ತಿಳಿಯಬಹುದು. ಇದನ್ನು ಬಿಡಿಸಿ ಹೇಳದೆ ಪಡೆದ ಒಪ್ಪಿಗೆ ಒಪ್ಪಿಗೆಯೇ ಅಲ್ಲ. ಅವರು ಬೇಡ ಅಂದರೆ ಅವರ ಭಾಗ ಬಿಟ್ಟು ಬೇರೆ ದಾಖಲೆ ಹುಡುಕಿ. ಲೈಂಗಿಕ ದೌರ್ಜನ್ಯದ ವಿಷಯವಾದರೆ ಇನ್ನೂ ಹುಷಾರು. ನೊಂದ ಹೆಣ್ಣುಮಗಳ ಗುರುತು ಬಯಲು ಮಾಡುವುದು ಭಾರತೀಯ ನ್ಯಾಯ ಸಂಹಿತೆಯ 72ನೇ ಸೆಕ್ಷನ್ ಪ್ರಕಾರ ಅಪರಾಧ, ಮಕ್ಕಳಾದರೆ ಪೋಕ್ಸೊ ಕಾಯ್ದೆಯೂ ಇದೆ. ಅಂಥದ್ದನ್ನು ಪಾಲಿಕೆ ಟಪಾಲಿಗೆ ಹಾಕಬೇಡಿ, ನೇರ ಪೊಲೀಸರ ಹತ್ತಿರ ಹೋಗಿ.

ಲಗತ್ತುಗಳಲ್ಲಿ ಮಸಿ ಹಚ್ಚುವುದನ್ನು ಜಾಸ್ತಿ ಜನ ಸರಿಯಾಗಿ ಮಾಡುವುದಿಲ್ಲ. ಮಾರ್ಕರ್‌ನಿಂದ ಆಧಾರ್ ನಂಬರ್ ಮುಚ್ಚಿದ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ, ಅಂಕಿ ಹಾಗೇ ಕಾಣುತ್ತದೆ. ಮಸಿ ಹಚ್ಚಿದ ಹಾಳೆಯ ಜೆರಾಕ್ಸ್ ತೆಗೆದು, ಅದರಲ್ಲೂ ಕಾಣದಿದ್ದರೆ ಆ ಜೆರಾಕ್ಸನ್ನೇ ಕೊಡಿ. ಫೋನಿನ ಹೈಲೈಟರ್ ಗೆರೆ ಕಪ್ಪಾಗಿ ಕಂಡರೂ ಪಾರದರ್ಶಕ, ಬ್ರೈಟ್‌ನೆಸ್ ಏರಿಸಿದರೆ ಅಡಿಯ ಅಕ್ಷರ ಎದ್ದು ಬರುತ್ತದೆ. ಪಿಡಿಎಫ್ ಮೇಲೆ ಕಪ್ಪು ಚೌಕ ಇಟ್ಟರೂ ಅಷ್ಟೇ, ಅಡಿಯ ಅಕ್ಷರವನ್ನು ಕಾಪಿ ಮಾಡಬಹುದು. ಪ್ರಿಂಟ್ ತೆಗೆದು, ಮಸಿ ಹಚ್ಚಿ, ಮತ್ತೆ ಸ್ಕ್ಯಾನ್ ಮಾಡಿ. ವಾಟ್ಸಾಪ್ ಗುಂಪಿನ ಸ್ಕ್ರೀನ್‌ಶಾಟ್ ಆದರೆ ಬೇಕಾದ ಒಂದು ಮೆಸೇಜ್ ಮಾತ್ರ ಇಟ್ಟು ಉಳಿದವರ ಹೆಸರು, ನಂಬರ್ ಮುಚ್ಚಿ. ಮೂಲ ಮಾತ್ರ ಫೋನಿನಲ್ಲಿ ಹಾಗೇ ಇರಲಿ. ಆಡಿಯೊ ರೆಕಾರ್ಡಿಂಗನ್ನು ಕತ್ತರಿಸಲೇಬೇಡಿ, ಸಾಕ್ಷ್ಯ ಕೆಡುತ್ತದೆ. ದೂರಿಗೆ ಸಂಬಂಧಿಸಿದ ಮಾತು ಎಷ್ಟನೇ ನಿಮಿಷದಲ್ಲಿದೆ ಅಂತ ಪತ್ರದಲ್ಲಿ ಬರೆಯಿರಿ.

ಜಿಪಿಎಸ್ ಕ್ಯಾಮೆರಾದ ಫೋಟೊ ಒಡೆದ ಚರಂಡಿಗೆ ಒಳ್ಳೆ ಸಾಕ್ಷಿ. ಆದರೆ ನಿಮ್ಮ ಮನೆ ತಾರಸಿಯಿಂದ ತೆಗೆದರೆ ಅದರ ಮೇಲೆ ಬೀಳುವ ವಿಳಾಸ ನಿಮ್ಮದು. ಕೆಳಗಿಳಿದು ರಸ್ತೆಯಲ್ಲಿ ನಿಂತು ತೆಗೆಯಿರಿ, ಶಾಲೆ ಮಕ್ಕಳು ಹಾದು ಹೋಗುವವರೆಗೆ ಕಾಯಿರಿ. ಇನ್ನು ಟೈಪಿಂಗ್ ಅಂಗಡಿ, ಜೆರಾಕ್ಸ್ ಅಂಗಡಿ. ಅವರ ವಾಟ್ಸಾಪ್‌ಗೆ ಕಳಿಸಿದ ಫೈಲ್, ಕಂಪ್ಯೂಟರಿನ ಡೆಸ್ಕ್‌ಟಾಪ್‌ನಲ್ಲಿ ಉಳಿದ ದೂರು, ಎರಡನ್ನೂ ಎದುರಿಗೇ ಅಳಿಸಿಸಿ, ರೀಸೈಕಲ್ ಬಿನ್ ಕೂಡ ಖಾಲಿ ಮಾಡಿಸಿ. ವಾರ್ಡಿನ ಅಂಗಡಿಯಲ್ಲಿ ಕಾರ್ಪೊರೇಟರ್ ಕಡೆಯವರೂ ಜೆರಾಕ್ಸ್ ಮಾಡಿಸುತ್ತಾರೆ, ಅಲ್ವಾ?

ಬಡಾವಣೆ ಸಂಘದಿಂದ ಕೊಡುವುದಾದರೆ ಸಹಿ ಹಾಳೆ ಹುಷಾರಾಗಿ ಮಾಡಿ. ಪ್ರತಿ ಹಾಳೆಯ ತಲೆಯಲ್ಲಿ ದೂರಿನ ವಿಷಯ, ದಿನಾಂಕ ಇರಲಿ. ಖಾಲಿ ತಲೆಯ ಸಹಿ ಹಾಳೆಯನ್ನು ನಾಳೆ ಯಾವ ಪತ್ರಕ್ಕೆ ಬೇಕಾದರೂ ಅಂಟಿಸಬಹುದು. ಹೆಸರು, ಬೀದಿ, ಸಹಿ ಸಾಕು. ಫೋನ್ ನಂಬರ್ ಮುಂದೆ ನಿಲ್ಲುವ ಒಬ್ಬಿಬ್ಬರದ್ದು ಮಾತ್ರ. ಹಾಳೆಯ ಫೋಟೊ ಗುಂಪಿಗೆ ಹಾಕಬೇಡಿ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಮುಖ್ಯ ಹೊಣೆಗಳು ಅಲ್ಲಿಂದ 18 ತಿಂಗಳಿಗೆ ಜಾರಿ. ಮನೆಮಟ್ಟಿಗೆ ಇಟ್ಟುಕೊಂಡ ವಿವರಕ್ಕೆ ಅದು ತಾಗುವುದಿಲ್ಲ, ಸಂಘ ಇಟ್ಟುಕೊಂಡ ಎಕ್ಸೆಲ್ ಪಟ್ಟಿಗೆ ತಾಗಬಹುದು.

ದಾಖಲೆ ಬೇಕಾದರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ, ಒಂದೇ ವಿಷಯ, 150 ಪದದೊಳಗೆ. ಯಾಕೆ ಬೇಕು ಅಂತ ಹೇಳಬೇಕಿಲ್ಲ, ಸಂಪರ್ಕಕ್ಕೆ ಬೇಕಾದಷ್ಟು ಬಿಟ್ಟು ನಿಮ್ಮ ವಿವರವನ್ನೂ ಕೊಡಬೇಕಿಲ್ಲ, 6(2)ನೇ ಸೆಕ್ಷನ್ ಹಾಗಂತ ಸ್ಪಷ್ಟವಾಗಿ ಹೇಳುತ್ತದೆ. ಮೇಲೆ ಹೇಳಿದ ದತ್ತಾಂಶ ಕಾಯ್ದೆಯಿಂದ ಮಾಹಿತಿ ಹಕ್ಕು ಕಾಯ್ದೆಯ 8(1)(ಜೆ) ಸೆಕ್ಷನ್ ಬಿಗಿಯಾಗಿದೆ, "ವೈಯಕ್ತಿಕ ಮಾಹಿತಿ" ಅಂತ ನಿರಾಕರಿಸುವುದು ಸುಲಭವಾಗಿದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಆದರೂ ಸಾರ್ವಜನಿಕ ಹಿತ ದೊಡ್ಡದಾದರೆ ಮಾಹಿತಿ ಕೊಡಬಹುದು ಅನ್ನೋ 8(2)ರ ದಾರಿ ಉಳಿದಿದೆ. ಫಲಾನುಭವಿಗಳ ಪಟ್ಟಿ ಕೇಳುವ ಬದಲು ಕಾಮಗಾರಿ ಬಿಲ್, ಗುತ್ತಿಗೆ ಆದೇಶ, ಅಳತೆ ಪುಸ್ತಕ ಕೇಳಿ.

ಕೊಡುವ ಜಾಗ: ಮೈಸೂರಿನಲ್ಲಿ ಪಾಲಿಕೆ ಆಯುಕ್ತರು, ಮಂಡ್ಯದಲ್ಲಿ ಪೌರಾಯುಕ್ತರು ಅಥವಾ ಜಿಲ್ಲಾಧಿಕಾರಿ, ಭ್ರಷ್ಟಾಚಾರ ಆದರೆ ಲೋಕಾಯುಕ್ತ. ಮೈಸೂರಿನ ಹಿಂದಿನ ಸದಸ್ಯರ ಅವಧಿ 2023ರ ನವೆಂಬರ್‌ಗೆ ಮುಗಿಯಿತು, ಆದರೆ ಲೋಕಾಯುಕ್ತದಲ್ಲಿ ಆರೋಪಕ್ಕೆ 5 ವರ್ಷದ ಕಾಲಾವಕಾಶ ಇದೆ. ಸಂಬಂಧಪಟ್ಟ ಅಧಿಕಾರಿಗೆ ಒಳ್ಳೆಯ ಉದ್ದೇಶದಿಂದ ಕೊಟ್ಟ ದೂರಿಗೆ ಮಾನನಷ್ಟದ ಕಾನೂನಿನಲ್ಲೇ ರಕ್ಷಣೆ ಇದೆ, ಅದೇ ದೂರನ್ನು ಫೇಸ್‌ಬುಕ್‌ಗೆ ಏರಿಸಿದರೆ ಆ ರಕ್ಷಣೆ ಸಿಗುವುದಿಲ್ಲ. ಪತ್ರಕರ್ತರಿಗೆ ಕೊಡುವುದಾದರೆ ಲಗತ್ತು ಬಿಟ್ಟು ಕೊಡಿ. ಸ್ವೀಕೃತಿ ನಂಬರ್ ಬರೆಸಿಕೊಳ್ಳಿ, ಆಮೇಲೆ ವಿಚಾರಿಸುವಾಗ ಆ ನಂಬರ್ ಮಾತ್ರ ಹೇಳಿ, ಕೌಂಟರಿನಲ್ಲಿ ನಿಂತು ಕಥೆಯೆಲ್ಲ ಹೇಳಬೇಡಿ.

ಈಗಾಗಲೇ ಎಲ್ಲ ವಿವರ ಹಾಕಿ ಕೊಟ್ಟುಬಿಟ್ಟಿದ್ದರೆ ಒಂದು ಪುಟದ ಅರ್ಜಿ ಬರೆಯಿರಿ: "ಇಂಥ ದಿನ, ಇಂಥ ಸ್ವೀಕೃತಿ ಸಂಖ್ಯೆಯ ನನ್ನ ದೂರಿನ 4ನೇ ಲಗತ್ತಿನಲ್ಲಿ ಬೇರೆಯವರ ಆಧಾರ್ ಮತ್ತು ಬ್ಯಾಂಕ್ ವಿವರ ಇದೆ. ಅದರ ಬದಲು ಈ ಮಸಿ ಹಚ್ಚಿದ ಪ್ರತಿಯನ್ನು ಬಳಸಿ, ಹಳೆಯದರ ಪ್ರತಿಯನ್ನು ಯಾರಿಗೂ ಕೊಡಬಾರದೆಂದು ಕೋರುತ್ತೇನೆ." ಇದಕ್ಕೂ ಸೀಲ್ ಹಾಕಿಸಿಕೊಳ್ಳಿ.