ಜಿಪೋಲಿಯನ್ನು ಆರ್ಗನ್‌ನಲ್ಲಿ ನುಡಿಸಲು ಕಲಿತದ್ದು

ದೊಮೆನಿಕೊ ಜಿಪೋಲಿಯ ಹೆಸರು ಕೇಳಿದವರು ನಮ್ಮಲ್ಲಿ ತುಂಬಾ ಕಡಿಮೆ. ಕೀಬೋರ್ಡ್ ಕಲಿತವರಿಗೆ ಬಾಖ್ ಗೊತ್ತು, ಸ್ಕಾರ್ಲಾಟಿ ಗೊತ್ತು. ಅದೇ ಕಾಲದ ಈ ಇಟಲಿಯ ಸಂಗೀತ ರಚನಕಾರನನ್ನೂ ನುಡಿಸಬೇಕು ಅನ್ನೋದು ನನ್ನ ಆಸೆ.

ಹುಟ್ಟಿದ್ದು 1688ರಲ್ಲಿ, ಫ್ಲಾರೆನ್ಸ್ ಹತ್ತಿರದ ಪ್ರಾತೊದಲ್ಲಿ. ರೋಮಿನಲ್ಲಿ ಆರ್ಗನ್ ವಾದಕ ಬೆರ್ನಾರ್ಡೊ ಪಾಸ್ಕ್ವಿನಿಯ ಹತ್ತಿರ ಕಲಿತ. 1715ರಲ್ಲಿ, ಜೆಸ್ವಿಟರು ಅನ್ನೋ ಕ್ಯಾಥೊಲಿಕ್ ಸಂಘದವರ ಮುಖ್ಯ ಚರ್ಚು ಜೆಸುವಿನಲ್ಲಿ ಆರ್ಗನ್ ನುಡಿಸುವ ಕೆಲಸ ಸಿಕ್ಕಿತು. ಮರುವರ್ಷ ಅವನ ಸೊನಾಟಾಗಳ ಪುಸ್ತಕ ಅಚ್ಚಾಯಿತು. ಮೊದಲ ಭಾಗ ಆರ್ಗನ್‌ಗೆ, ಎರಡನೆಯದು ತಂತಿ ಮೀಟುವ ಹಳೆಯ ಕೀಬೋರ್ಡ್ ವಾದ್ಯ ಹಾರ್ಪ್ಸಿಕಾರ್ಡ್‌ಗೆ. ಹೆಸರು ಬರುವ ಹೊತ್ತಿಗೆ ಎಲ್ಲ ಬಿಟ್ಟು ಸ್ಪೇನಿಗೆ ಹೋಗಿ ಜೆಸ್ವಿಟರ ಸಂಘ ಸೇರಿದ. 1717ರಲ್ಲಿ ಹಡಗು ಹತ್ತಿ ದಕ್ಷಿಣ ಅಮೆರಿಕಕ್ಕೆ ಹೊರಟುಬಿಟ್ಟ. ಈಗಿನ ಅರ್ಜೆಂಟೀನಾದ ಕೊರ್ದೊಬದಲ್ಲಿ ಓದು ಮುಗಿಸಿದ. ಆದರೆ ದೀಕ್ಷೆ ಕೊಡಲು ಅಲ್ಲಿ ಬಿಷಪ್ ಇರಲಿಲ್ಲ, ಹಾಗಾಗಿ ಪಾದ್ರಿ ಆಗಲೇ ಇಲ್ಲ. 1726ರಲ್ಲಿ ಕ್ಷಯದಿಂದ ತೀರಿಕೊಂಡಾಗ ವಯಸ್ಸು 37.

ನಾನು ಕಲಿಯಲು ಶುರು ಮಾಡಿದ್ದು ಅವನ ರೆ ಮೈನರ್ (ಡಿ ಮೈನರ್) ವೆರ್ಸಿಗಳಿಂದ, ಅಂದ್ರೆ ಪ್ರಾರ್ಥನೆಯ ಸಾಲುಗಳ ಬದಲು ನುಡಿಸುವ ತುಣುಕುಗಳಿಂದ; ಒಂದೇ ಆದರೆ ವೆರ್ಸೊ. ಇವು ತೀರಾ ಚಿಕ್ಕವು, ಒಂದೊಂದು ಒಂದು ನಿಮಿಷದ ಆಸುಪಾಸು. ಸುಮ್ನೆ ಒಂದರ ಹಿಂದೆ ಒಂದು ನುಡಿಸಿದರೆ ಯಾವುದೂ ಮನಸ್ಸಿಗೆ ಹತ್ತುವುದಿಲ್ಲ. ಯಾಕಂದ್ರೆ ಅವು ಹಾಗೆ ನುಡಿಸಲು ಬರೆದವಲ್ಲ. ಆಗಿನ ಇಟಲಿಯ ಚರ್ಚುಗಳಲ್ಲಿ ಪ್ರಾರ್ಥನೆಯ ಒಂದು ಸಾಲನ್ನು ಗಾಯಕರು ಹಾಡುತ್ತಿದ್ದರು, ಮುಂದಿನ ಸಾಲಿನ ಜಾಗದಲ್ಲಿ ಆರ್ಗನ್ ನುಡಿಯುತ್ತಿತ್ತು. ಚೆನ್ನಾಗಿ ಹಾಡುವ ಗೆಳೆಯನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ಮಾತೆ ಮರಿಯಳ ಸ್ತುತಿಯನ್ನು ಹಳೆಯ ಲ್ಯಾಟಿನ್ ಧಾಟಿಯಲ್ಲಿ ಅವನು ಒಂದು ಸಾಲು ಹಾಡುವುದು, ನಾನು ಒಂದು ವೆರ್ಸೊ ನುಡಿಸುವುದು. ಆಗ ಆ ಒಂದು ನಿಮಿಷಕ್ಕೆ ಅರ್ಥ ಬಂತು. ಹಾಡಿದವನ ಉಸಿರು ಎಷ್ಟು ಉದ್ದವೋ ನನ್ನ ಲಯವೂ ಅಷ್ಟೇ ಅಂತ ಇಟ್ಟುಕೊಂಡೆ. ನಿಜವಾಗಿ ಕಲಿಸಿದ್ದು ಅದೇ.

ನನ್ನ ಹತ್ತಿರ ಪೈಪುಗಳ ಆರ್ಗನ್ ಇಲ್ಲ. ಕೀಬೋರ್ಡ್, ಕಾಲಿನ ಪೆಡಲ್, ಮತ್ತೆ ಕಂಪ್ಯೂಟರ್‌ನಲ್ಲಿ ಹಳೆಯ ಇಟಾಲಿಯನ್ ಆರ್ಗನ್ ಒಂದರ ಪ್ರತಿ ಪೈಪಿನ ರೆಕಾರ್ಡಿಂಗ್. ಆ ಕಾಲದ ಇಟಲಿಯ ಆರ್ಗನ್‌ಗಳು ಸರಳ. ಹೆಚ್ಚಿನವಕ್ಕೆ ಒಂದೇ ಕೀಬೋರ್ಡ್, ಕಾಲಿಗೆ ಕೆಲವೇ ಕೀಲಿ. ಮೂಲ ಧ್ವನಿ ಪ್ರಿಂಚಿಪಾಲೆ. ಇನ್ನೊಂದು ಸಾಲು ಪೈಪು ವೋಚೆ ಉಮಾನಾ. ಅದರ ಶ್ರುತಿಯನ್ನು ಬೇಕಂತಲೇ ಒಂದು ಕೂದಲೆಳೆಯಷ್ಟು ಬೇರೆ ಇಟ್ಟಿರುತ್ತಾರೆ. ಎರಡರ ಸ್ಟಾಪ್‌ಗಳನ್ನೂ (ಪೈಪಿನ ಸಾಲನ್ನು ತೆರೆಯುವ ಗುಂಡಿ) ಸೇರಿಸಿ ಎಳೆದರೆ ಧ್ವನಿ ಮೆಲ್ಲಗೆ ತೂಗುತ್ತದೆ. ಪೂಜೆಯಲ್ಲಿ ಪಾದ್ರಿ ರೊಟ್ಟಿ, ಪಾತ್ರೆ ಎತ್ತಿ ಹಿಡಿಯುವ ಹೊತ್ತಿನ ಸಂಗೀತಕ್ಕೆ ಈ ಜೋಡಿಯೇ ರೂಢಿ. ಆ ಹೊತ್ತಿಗೆಂದೇ ಜಿಪೋಲಿ ಬರೆದ ‘ಎಲೆವಾತ್ಸಿಯೋನೆ’ಯನ್ನು ನಾನು ಹೀಗೇ ನುಡಿಸುತ್ತೇನೆ, ಬೇರೆ ಯಾವ ಸ್ಟಾಪ್ ಕೂಡ ಸೇರಿಸುವುದಿಲ್ಲ.

ಪಿಯಾನೊದಲ್ಲಿ ಕೀಲಿ ಒತ್ತಿದ ಮೇಲೆ ಸ್ವರ ತಾನಾಗಿ ಕರಗುತ್ತದೆ. ಆರ್ಗನ್‌ನಲ್ಲಿ ಬೆರಳು ಎತ್ತುವವರೆಗೂ ಅಷ್ಟೇ ಗಟ್ಟಿಯಾಗಿ ನಿಲ್ಲುತ್ತದೆ. ಒತ್ತುವುದಕ್ಕಿಂತ ಬಿಡುವುದೇ ಮುಖ್ಯ. ಕೆಳಗಿನ ಸ್ವರ ಬದಲಾದರೂ ಮೇಲಿನದು ಹಾಗೇ ನಿಂತು ಅದರ ಜೊತೆ ತಿಕ್ಕಾಡುವ ಜಾಗ ಬಂದರೆ ನಾನು ಅವಸರ ಮಾಡುವುದಿಲ್ಲ. ಕಿವಿಗೆ ಆ ತಿಕ್ಕಾಟ ಪೂರ್ತಿ ಕೇಳಿಸಬೇಕು. ಆಮೇಲೆ ಬೆರಳು ಪಕ್ಕದ ಕೀಲಿಗೆ ಇಳಿಯಬೇಕು, ನಡುವೆ ಸಂದು ಇರಬಾರದು. ಈ ಒಂದು ಚಲನೆಯನ್ನು ಬಲಗೈಯ ನಾಲ್ಕು, ಐದನೇ ಬೆರಳಿಗೆ ಬೇರೆಯಾಗಿಯೇ ಅಭ್ಯಾಸ ಮಾಡಿದೆ.

‘ಪಾಸ್ತೊರಾಲೆ’ ಮಾತ್ರ ನನಗೆ ಮೊದಲ ದಿನದಿಂದಲೇ ಒಗ್ಗಿತು. ಕ್ರಿಸ್ಮಸ್ ಸಮಯಕ್ಕೆ ಬೆಟ್ಟದ ಕುರುಬರು ರೋಮಿಗೆ ಇಳಿದು ಚರ್ಮದ ಚೀಲದ ವಾದ್ಯ ಊದುತ್ತಿದ್ದರಲ್ಲ, ಅದರ ನೆನಪಿನ ರಚನೆ ಇದು. ಕೆಳಗೆ ಒಂದೇ ಸ್ವರ ಶ್ರುತಿ ಪೆಟ್ಟಿಗೆಯಂತೆ ನಿಂತಿರುತ್ತದೆ, ಮೇಲೆ ರಾಗ ತೂಗುತ್ತದೆ. ಆ ಸ್ವರ ನನ್ನ ಎಡಗಾಲಿಗೆ, ಮಿಕ್ಕದ್ದು ಎರಡೂ ಕೈಗೆ.

ಜಿಪೋಲಿ ದಕ್ಷಿಣ ಅಮೆರಿಕದಲ್ಲಿ ಬರೆದದ್ದು ಎರಡು ಶತಮಾನ ಹೊರಗಿನ ಯಾರಿಗೂ ಗೊತ್ತಿರಲಿಲ್ಲ. 1970ರ ದಶಕದಲ್ಲಿ ಬೊಲಿವಿಯಾದ ಚಿಕಿತೋಸ್‌ನ ಹಳೆಯ ಜೆಸ್ವಿಟ್ ಚರ್ಚುಗಳನ್ನು ದುರಸ್ತಿ ಮಾಡುವಾಗ ಹಸ್ತಪ್ರತಿಗಳ ರಾಶಿಯೇ ಸಿಕ್ಕಿತು. ಜಿಪೋಲಿಯ ಕೃತಿಗಳೂ ಅದರಲ್ಲಿದ್ದವು. ಅಲ್ಲಿನ ಮೂಲನಿವಾಸಿಗಳೇ ಅವನ್ನು ನಕಲು ಮಾಡಿ, ಹಾಡಿ, ಉಳಿಸಿಕೊಂಡಿದ್ದರು. ಇದಕ್ಕಿಂತ ದೊಡ್ಡ ಗೌರವ ಬೇಕಾ?

ನೀವೂ ನುಡಿಸುವುದಾದರೆ ಪಾಸ್ತೊರಾಲೆಯಿಂದ ಶುರು ಮಾಡಿ. ಪೆಡಲ್ ಇಲ್ಲದಿದ್ದರೆ ನಿಂತ ಸ್ವರವನ್ನು ಪಕ್ಕದಲ್ಲಿ ಇನ್ನೊಬ್ಬರು ಒತ್ತಿ ಹಿಡಿದರೂ ಸಾಕು.