ಸಪೂರ ದಾರಕ್ಕೆ ಯಾವ ಕಡ್ಡಿ? ಲೇಸ್ ಹೆಣೆಯೋಕೆ ಹೊರಟವರಿಗೆ

ಹೋದ ವರ್ಷ ಮಳೆಗಾಲದಲ್ಲಿ ಆಯಿಗೆ ಅಂತ ಒಂದು ಲೇಸ್ ಶಾಲು ಹೆಣೆದೆ, ಶಿರಸಿ ಕಡೆ ಡಿಸೆಂಬರ್‌ನಲ್ಲಿ ಬೆಳಬೆಳಿಗ್ಗೆ ಹೆಗಲ ಮೇಲೆ ಎಂತಾದ್ರೂ ಒಂದು ಬೇಕೇ ಬೇಕಲ್ಲ, ಅದಕ್ಕೆ. ಪ್ಯಾಟರ್ನ್ ಅಮೆರಿಕದ್ದು, ಕಡ್ಡಿ ನಂಬರ್ 8 ಅಂತ ಬರೆದಿತ್ತು. ನನ್ನ ಹತ್ರ ಅತ್ತೆ ಕಾಲದ ಬೂದು ಬಣ್ಣದ ಅಲ್ಯೂಮಿನಿಯಂ ಕಡ್ಡಿ ಇತ್ತು, ಅದರ ಗುಂಡಿ ಮೇಲೂ 8 ಅಂತಲೇ ಇತ್ತು, ಸರಿಯಾಯ್ತಲ್ಲ ಅಂತ ಶುರು ಹಚ್ಕೊಂಡೆ. ಎರಡು ತಿಂಗಳು ಕೂತು ಮುಗಿಸಿ ಅಳತೆ ಮಾಡಿದ್ರೆ 50 ಸೆಂಟಿಮೀಟರ್ ಅಗಲ ಬರಬೇಕಾದ್ದು 40 ಕೂಡ ದಾಟಿಲ್ಲ, ಉದ್ದನೂ ಅಷ್ಟೇ, ಸೊಂಟದ ತನಕ ಬರದೇ ಎದೆ ಮೇಲೇ ನಿಂತೋಯ್ತು. ಆಯಿ ಪಾಪ, "ಚೊಲೋ ಆಜು ಕೂಸೆ, ಟೀಪಾಯಿ ಮೇಲೆ ಹಾಸ್ತಿ" ಅಂದ್ಳು.

ತಪ್ಪು ಎಲ್ಲಾಯ್ತು ಅಂದ್ರೆ ನಂಬರ್‌ನಲ್ಲಿ. ನಮ್ಮ ಮನೆಗಳಲ್ಲಿರೋ ಹಳೇ ಕಡ್ಡಿಗಳದ್ದು ಬ್ರಿಟಿಷರ ಲೆಕ್ಕ, ಅದ್ರಲ್ಲಿ ನಂಬರ್ ಹೆಚ್ಚಾದಷ್ಟೂ ಕಡ್ಡಿ ಸಪೂರ ಆಗ್ತಾ ಹೋಗುತ್ತೆ. ಅಮೆರಿಕದ್ದು ಪೂರ್ತಿ ಉಲ್ಟಾ, ನಂಬರ್ ಏರಿದ ಹಾಗೆ ಕಡ್ಡಿ ದಪ್ಪ. ಹಂಗಾಗಿ ನಮ್ಮ 8 ನಂಬರ್ ಅಂದ್ರೆ 4 ಮಿಲಿಮೀಟರ್, ಅವರ 8 ಅಂದ್ರೆ 5 ಮಿಲಿಮೀಟರ್. 10 ನಂಬರ್ ಆದ್ರಂತೂ ಕೇಳೋದೇ ಬೇಡ, ನಮ್ಮದು 3.25, ಅವರದ್ದು 6, ಹೆಚ್ಚುಕಮ್ಮಿ ಎರಡರಷ್ಟು. ಲೇಸಿಗೆ ಬೇಕಾಗೋ ನಮ್ಮ ನಂಬರ್‌ಗಳು ಇಷ್ಟೇ: 14 ಅಂದ್ರೆ 2 ಮಿಲಿಮೀಟರ್, 12 ಅಂದ್ರೆ 2.75, 11 ಅಂದ್ರೆ 3, 10 ಅಂದ್ರೆ 3.25, 9 ಅಂದ್ರೆ 3.75, 8 ಅಂದ್ರೆ 4, 7 ಅಂದ್ರೆ 4.5, 6 ಅಂದ್ರೆ 5. ಇನ್ನು ಮುಂದೆ ನಾನು ಬರೀ ಮಿಲಿಮೀಟರ್‌ನಲ್ಲೇ ಹೇಳ್ತೀನಿ, ನೀವೂ ಅಂಗಡಿಯಲ್ಲಿ ಮಿಲಿಮೀಟರ್‌ನಲ್ಲೇ ಕೇಳಿ. ನಂಬರ್ ಅಳಿಸಿಹೋಗಿರೋ ಕಡ್ಡಿ ಇದ್ರೆ ಅಳೆಯೋ ತೂತಿನ ಪಟ್ಟಿ ಸಿಗುತ್ತೆ, ನನ್ನ ಹತ್ರ ಅದಿಲ್ಲ, ಇವರ ಡ್ರಿಲ್ ಬಿಟ್ ತಗೊಂಡು ಐಸ್‌ಕ್ರೀಮ್ ಡಬ್ಬದ ಮುಚ್ಚಳಕ್ಕೆ 2, 2.5, 3, 3.5, 4 ಅಂತ ಸಾಲಾಗಿ ತೂತು ಹೊಡ್ಕೊಂಡಿದ್ದೀನಿ, ಕಡ್ಡಿ ಯಾವ ತೂತಿನಲ್ಲಿ ಬಿಗಿಯಾಗಿ ಹೋಗುತ್ತೋ ಅದೇ ಅದರ ಸೈಜು.

ಈಗ ಅಸಲಿ ವಿಷಯ. ಸಪೂರ ದಾರಕ್ಕೆ ಸಪೂರ ಕಡ್ಡಿ ಅಂತ ಎಲ್ಲರೂ ಅಂದ್ಕೊಳ್ತಾರೆ, ನಾನೂ ಅಂದ್ಕೊಂಡಿದ್ದೆ, ದಾರದ ಲೇಬಲ್ ಮೇಲೂ ಕೆಲವು ಸಲ 2 ಮಿಲಿಮೀಟರ್ ಆಸುಪಾಸು ಅಂತ ಹಾಕಿರ್ತಾರೆ. ಅದು ಗಟ್ಟಿ ಬಟ್ಟೆ ಹೆಣೆಯೋರಿಗೆ. ಲೇಸಿನಲ್ಲಿ ನಮಗೆ ಬೇಕಾದ್ದು ದಾರ ಅಲ್ಲ, ದಾರದ ನಡುವಿನ ತೂತು. ಕಾರವಾರದಲ್ಲಿ ಬೈತಖೋಲ್ ಬಂದರಿನ ಹತ್ರ ಬಲೆ ಹೆಣೆಯೋರನ್ನ, ರಿಪೇರಿ ಮಾಡೋರನ್ನ ಸ್ವಲ್ಪ ಹೊತ್ತು ನಿಂತು ನೋಡಿ. ಕೈಯಲ್ಲಿ ಬಲೆ ಹೆಣೆಯೋವಾಗ ಒಂದು ಚಿಕ್ಕ ಪಟ್ಟಿಗೆ ದಾರ ಸುತ್ತಿ ಗಂಟು ಹಾಕ್ತಾರೆ, ಪಟ್ಟಿ ಎಷ್ಟು ಅಗಲವೋ ಬಲೆ ಕಣ್ಣು ಅಷ್ಟು ದೊಡ್ಡದು, ಅದೇ ದಾರದಲ್ಲಿ ಸಣ್ಣ ಕಣ್ಣಿನ ಬಲೆನೂ ಆಗುತ್ತೆ ದೊಡ್ಡ ಕಣ್ಣಿನದ್ದೂ ಆಗುತ್ತೆ. ನಮ್ಮ ಕಡ್ಡಿನೂ ಆ ಪಟ್ಟಿ ಇದ್ದಂಗೇ. ಪ್ರತಿ ಕುಣಿಕೆ ಕಡ್ಡಿ ಸುತ್ತಲೇ ಆಗೋದಲ್ಲ, ಕಡ್ಡಿ ದಪ್ಪ ಆದ್ರೆ ಕುಣಿಕೆ ದೊಡ್ಡದು, ದಾರ ಎಷ್ಟೇ ಸಪೂರ ಇರಲಿ.

ಹಾಗಂತ ಎಷ್ಟು ದಪ್ಪ ತಗೊಳ್ಳೋದು? ಮೊದಲು ದಾರ ಎಷ್ಟು ಸಪೂರ ಅಂತ ಗೊತ್ತಾಗಬೇಕು. ಲೇಬಲ್‌ನಲ್ಲಿ ತೂಕ ಮತ್ತು ಉದ್ದ ನೋಡಿ, 100 ಗ್ರಾಮಿಗೆ ಎಷ್ಟು ಮೀಟರ್ ಅಂತ ಲೆಕ್ಕ ಹಾಕಿ. 400 ಮೀಟರ್ ಆಸುಪಾಸು ಇದ್ರೆ ಅದು ಕಾಲುಚೀಲದ ದಾರ, ಅದಕ್ಕೆ ಲೇಸಿನಲ್ಲಿ 3.75ರಿಂದ 4.5 ಹಾಕ್ಬಹುದು. 600ರಿಂದ 800 ಮೀಟರ್ ಇದ್ರೆ ಅದು ನಿಜವಾದ ಲೇಸ್ ದಾರ, 3.25ರಿಂದ 4. ಸಾವಿರ ದಾಟಿದ್ರೆ ಜೇಡರ ಬಲೆ ಇದ್ದಂಗಿರುತ್ತೆ, 2.5ರಿಂದ 3.25ರ ಒಳಗೆ ನೋಡಿ. ಲೇಬಲ್ ಕಳೆದುಹೋಗಿದ್ರೆ ದಾರವನ್ನ ಎರಡು ಮಡಚಿ ಆ ತೂತಿನ ಮುಚ್ಚಳದಲ್ಲಿ ತೂರಿಸಿ ನೋಡಿ, ಯಾವ ತೂತು ತುಂಬುತ್ತೋ ಅದು ಸಾದಾ ಬಟ್ಟೆಗೆ ಸರಿಯಾದ ಕಡ್ಡಿ, ಲೇಸಿಗೆ ಅದಕ್ಕಿಂತ ಎರಡು ಮೂರು ಸೈಜ್ ಮೇಲೆ. ಇದೆಲ್ಲ ಶುರು ಮಾಡೋ ಜಾಗ ಅಷ್ಟೇ, ಇದನ್ನೇ ನಂಬಿ ಇಡೀ ಶಾಲು ಹೆಣೆಯೋಕೆ ಹೋಗ್ಬೇಡಿ ಮಾರಾಯ್ರೆ.

ಯಾಕಂದ್ರೆ ದಾರ ಯಾವುದರದ್ದು ಅನ್ನೋದರ ಮೇಲೆ ಎಲ್ಲ ಬದಲಾಗುತ್ತೆ. ಉಣ್ಣೆಗೆ ಎಳೆದ್ರೆ ಬರೋ ಗುಣ ಇದೆ, ನೀರಲ್ಲಿ ನೆನೆಸಿ ಎಳೆದು ಪಿನ್ ಚುಚ್ಚಿ ಒಣಗಿಸಿದ್ರೆ ಒಣಗಿದ ಮೇಲೂ ಹಾಗೇ ನಿಲ್ಲುತ್ತೆ, ಇದಕ್ಕೆ ಬ್ಲಾಕಿಂಗ್ ಅಂತಾರೆ, ಲೇಸಿನ ಅರ್ಧ ಚಂದ ಬರೋದೇ ಇದರಲ್ಲಿ. ಕಡ್ಡಿಯಿಂದ ಇಳಿಸಿದಾಗ ಮುದ್ದೆ ಆದ ಹಳೇ ಸೊಳ್ಳೆ ಪರದೆ ಥರ ಇರುತ್ತೆ, ನೋಡಿ ಹೆದರ್ಕೋಬೇಡಿ. ಹತ್ತಿ ದಾರಕ್ಕೆ ಆ ಎಳೆತ ಇಲ್ಲ. ಕ್ರೋಶಾಕ್ಕೆ ಸಿಗೋ 20 ನಂಬರ್, 40 ನಂಬರ್ ಹತ್ತಿ ದಾರ ಇದ್ಯಲ್ಲ, ಅಲ್ಲೂ ನಂಬರ್ ಹೆಚ್ಚಾದ್ರೆ ದಾರ ಸಪೂರ, ಅದಕ್ಕೆ ದಪ್ಪ ಕಡ್ಡಿ ಹಾಕಿದ್ರೆ ಕುಣಿಕೆ ಸಡಿಲ ಆಗಿ ಜೋತುಬೀಳುತ್ತೆ, ಡಿಸೈನೇ ಕಾಣಲ್ಲ. ಹತ್ತಿಗೆ ನಾನು 2ರಿಂದ 2.75 ಒಳಗೇ ಇರ್ತೀನಿ, ಟೀಪಾಯಿ ಮೇಲೆ ಹಾಸೋ ದುಂಡು ಲೇಸ್ ಆದ್ರೆ 2, ಆಮೇಲೆ ತೆಳು ಅನ್ನದ ಗಂಜಿಯಲ್ಲಿ ಅದ್ದಿ ಪಿನ್ ಹಾಕಿದ್ರೆ ರಟ್ಟಿನಂಗೆ ನಿಲ್ಲುತ್ತೆ. ಗಂಜಿ ಹಾಕಿದ್ದನ್ನ ಮಳೆಗಾಲದಲ್ಲಿ ಪೆಟ್ಟಿಗೆಯಲ್ಲಿ ಮಡಚಿಡಬೇಡಿ, ಜಿರಳೆಗೆ ಹಬ್ಬ.

ಇನ್ನು ಅಕ್ರಿಲಿಕ್. ನಮ್ಮೂರ ಪೇಟೆಯಲ್ಲಿ ಉಲ್ಲನ್ ಅಂತ ಕೊಡೋದ್ರಲ್ಲಿ ತುಂಬಾ ಭಾಗ ಇದೇ, ಕಾರವಾರದಲ್ಲಿ ಉಣ್ಣೆ ಯಾರು ಹಾಕ್ತಾರೆ ಹೇಳಿ. ಅನುಮಾನ ಇದ್ರೆ ಒಂದು ಇಂಚು ತುಂಡು ಮಾಡಿ ಚಿಮಟಿಗೆಯಲ್ಲಿ ಹಿಡಿದು ಸುಟ್ಟು ನೋಡಿ, ಉಣ್ಣೆ ಆದ್ರೆ ಕೂದಲು ಸುಟ್ಟ ವಾಸನೆ ಬರುತ್ತೆ, ಬೂದಿ ಬೆರಳಲ್ಲಿ ಪುಡಿಯಾಗುತ್ತೆ, ಅಕ್ರಿಲಿಕ್ ಆದ್ರೆ ಕರಗಿ ಗಟ್ಟಿ ಮಣಿ ಆಗುತ್ತೆ. ಅಕ್ರಿಲಿಕ್ ನೀರಿಗೆ ಜಗ್ಗಲ್ಲ, ಎಷ್ಟು ಎಳೆದು ಪಿನ್ ಹಾಕಿದ್ರೂ ತೆಗೆದ ಮೇಲೆ ವಾಪಸ್ ಮುದುಡ್ಕೊಳ್ಳುತ್ತೆ. ಅದಕ್ಕೆ ಉಗಿ ಬೇಕು, ಇಸ್ತ್ರಿ ಪೆಟ್ಟಿಗೆಯನ್ನ ತಾಗಿಸದೆ ಮೇಲಿಂದ ಉಗಿ ಕೊಡಬೇಕು, ತಾಗಿದ್ರೆ ಕರಗಿ ಹೊಳಪು ಬಂದು ಹಾಳಾಗುತ್ತೆ. ಉಗಿ ಕೊಟ್ಟಿದ್ದು ಆಮೇಲೆ ವಾಪಸ್ ಬರಲ್ಲ, ಹಾಗಾಗಿ ಮೊದಲು ಸ್ಯಾಂಪಲ್ ಮೇಲೆ. ಇಷ್ಟೆಲ್ಲ ಕಷ್ಟ ಬೇಡ ಅನ್ನೋರು ಅಕ್ರಿಲಿಕ್‌ಗೆ ಉಣ್ಣೆಗಿಂತ ಒಂದು ಸೈಜ್ ದಪ್ಪ ಕಡ್ಡಿ ತಗೊಳ್ಳಿ, ತೂತು ಕಡ್ಡಿಯಿಂದಲೇ ಬರಲಿ.

ರೇಷ್ಮೆ ಜಾರುತ್ತೆ, ಭಾರ ಇರುತ್ತೆ, ತೊಟ್ಟ ಮೇಲೆ ಉದ್ದ ಇಳಿಯುತ್ತೆ, ಆದ್ದರಿಂದ ಒಂದು ಸೈಜ್ ಕಮ್ಮಿ. ಮೋಹೇರ್ ಅಂದ್ರೆ ಅಂಗೋರಾ ಆಡಿನ ಕೂದಲಿನ ದಾರ, ಅದರ ರೋಮ ತೂತೊಳಗೆ ತುಂಬ್ಕೊಳ್ಳುತ್ತೆ, ಅದಕ್ಕೆ 4.5, 5 ಅಂತ ಧೈರ್ಯ ಮಾಡಬಹುದು. ಆದ್ರೆ ಬಿಚ್ಚೋಕೆ ಹೋದ್ರೆ ರೋಮ ರೋಮಕ್ಕೆ ಸಿಕ್ಕಿ ಅಳು ಬರುತ್ತೆ, ಮೊದಲ ಲೇಸಿಗೆ ಮೋಹೇರ್ ಬೇಡ.

ಸರಿ, ಸ್ಯಾಂಪಲ್ ಹೆಣೆಯೋದು. ಇದನ್ನ ಹಾರಿಸೋರೇ ಹೆಚ್ಚು, ನಾನೂ ಹಾರಿಸಿಯೇ ಟೀಪಾಯಿ ಬಟ್ಟೆ ಮಾಡ್ಕೊಂಡಿದ್ದು. ಸಾದಾ ಹೆಣಿಗೆಯಲ್ಲಿ ಅಲ್ಲ, ಲೇಸಿನಲ್ಲೇ ಮಾಡ್ಬೇಕು. ಅಲೆ ಡಿಸೈನ್ ಸುಲಭ, ಶೆಟ್ಲ್ಯಾಂಡ್ ದ್ವೀಪದ ಕಡೆಯ ಹಳೇ ಡಿಸೈನ್ ಅದು, 18 ಕುಣಿಕೆಗೆ ಒಂದು ಅಲೆ. 42 ಕುಣಿಕೆ ಹಾಕಿ, ಎರಡು ಅಲೆಗೆ 36, ಎರಡು ಅಂಚಿಗೆ ಮೂರು ಮೂರು. ಅಂಚಿನ ಮೂರು ಯಾವಾಗಲೂ ಸೀದಾ (ಸೀದಾ ಅಂದ್ರೆ ನಿಟ್, ಉಲ್ಟಾ ಅಂದ್ರೆ ಪರ್ಲ್). ಮೊದಲ ಸಾಲು ಪೂರ್ತಿ ಸೀದಾ, ಎರಡನೇದು ಅಂಚು ಬಿಟ್ಟು ಉಲ್ಟಾ, ಮೂರನೇದ್ರಲ್ಲಿ ಎರಡೆರಡು ಕುಣಿಕೆ ಸೇರಿಸಿ ಸೀದಾ ಮೂರು ಸಲ, ಆಮೇಲೆ ದಾರ ಮುಂದೆ ತಂದು ಒಂದು ಸೀದಾ ಅಂತ ಆರು ಸಲ, ಮತ್ತೆ ಎರಡೆರಡು ಸೇರಿಸಿ ಮೂರು ಸಲ, ಇದು ಒಂದು ಅಲೆ, ಇನ್ನೊಂದು ಸಲ ಹಾಗೇ. ನಾಲ್ಕನೇದು ಪೂರ್ತಿ ಸೀದಾ. ಈ ನಾಲ್ಕು ಸಾಲನ್ನ ಆರು ಸಲ ಮಾಡಿ. 3, 3.5, 4 ಅಂತ ಮೂರು ಕಡ್ಡಿಯಲ್ಲಿ ಮೂರು ತುಂಡು ಬೇರೆ ಬೇರೆ ಮಾಡಿ, ತುದಿಯ ದಾರಕ್ಕೆ ಒಂದು ಗಂಟು, ಎರಡು ಗಂಟು, ಮೂರು ಗಂಟು ಹಾಕಿಡಿ, ಇಲ್ದಿದ್ರೆ ಒಗೆದ ಮೇಲೆ ಯಾವುದು ಯಾವುದು ಅಂತ ದೇವರಿಗೂ ಗೊತ್ತಾಗಲ್ಲ. ಒಂದೇ ಪಟ್ಟಿಯಲ್ಲಿ ಮೂರೂ ಮಾಡೋರಿದ್ದಾರೆ, ಬೇಗ ಆಗುತ್ತೆ ನಿಜ, ಆದ್ರೆ ಪಕ್ಕದ ಭಾಗ ಎಳೆದು ಅಳತೆ ತಪ್ಪುತ್ತೆ.

ಆಮೇಲೆ ಉಗುರುಬೆಚ್ಚಗಿನ ನೀರಲ್ಲಿ ಇಪ್ಪತ್ತು ನಿಮಿಷ ನೆನೆಸಿ, ಹಿಂಡದೆ ಟವೆಲ್‌ನಲ್ಲಿ ಸುತ್ತಿ ಒತ್ತಿ, ಹಾಸಿಗೆ ಮೇಲೋ ಮಕ್ಕಳು ಆಡೋ ಫೋಮ್ ಚಾಪೆ ಮೇಲೋ ಎಳೆದು ಪಿನ್ ಹಾಕಿ. ತುಕ್ಕು ಹಿಡಿಯದ ಪಿನ್ ಆಗ್ಬೇಕು, ಕರಾವಳಿ ಗಾಳಿಗೆ ಸಾದಾ ಗುಂಡುಪಿನ್ ಒಂದೇ ರಾತ್ರಿಗೆ ಬಿಳಿ ದಾರದ ಮೇಲೆ ಕೆಂಪು ಚುಕ್ಕಿ ಇಡುತ್ತೆ, ಅದು ಹೋಗೋದೂ ಇಲ್ಲ. ಜುಲೈನಲ್ಲಿ ಆದ್ರೆ ಫ್ಯಾನ್ ಹಾಕಿ ಎರಡು ದಿನ ಬಿಡಿ, ಮುಟ್ಟಿದ್ರೆ ಒಣಗಿದಂಗೆ ಅನಿಸಿದ್ರೂ ಒಳಗೆ ತೇವ ಇರುತ್ತೆ. ಪಿನ್ ತೆಗೆದು ಒಂದು ದಿನ ಸುಮ್ನೆ ಇಟ್ಟು ಆಮೇಲೆ ಅಳೆಯಿರಿ, ತೆಗೆದ ಕೂಡಲೇ ಅಳೆದ್ರೆ ಸುಳ್ಳು ಅಳತೆ.

ನನ್ನ ದಾರದಲ್ಲಿ ಒಂದು ಅಲೆ 3 ಮಿಲಿಮೀಟರ್ ಕಡ್ಡಿಗೆ 7.5 ಸೆಂಟಿಮೀಟರ್ ಬಂತು, 3.5ಕ್ಕೆ 8.5, 4ಕ್ಕೆ 10. ನೋಡೋಕೆ ಎಂತ ಮಹಾ ವ್ಯತ್ಯಾಸ ಅನಿಸುತ್ತೆ, ಆದ್ರೆ ಶಾಲಿಗೆ ಆರು ಅಲೆ ಹಾಕಿದ್ರೆ 45, 51, 60, ಅಂದ್ರೆ ಅದೇ ಕುಣಿಕೆ ಲೆಕ್ಕದಲ್ಲಿ 15 ಸೆಂಟಿಮೀಟರ್ ಫರಕು. ದಾರನೂ ಹೆಚ್ಚು ತಿನ್ನುತ್ತೆ, ದೊಡ್ಡ ಕುಣಿಕೆಗೆ ಹೆಚ್ಚು ದಾರ ಅಲ್ವಾ, ಅದಕ್ಕೇ ಮೂರೂ ತುಂಡನ್ನ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿಡಿ, ಉಂಡೆ ಸಾಲುತ್ತಾ ಅಂತ ಅಂದಾಜು ಸಿಗುತ್ತೆ.

ಅಳತೆ ಆಯ್ತು, ಆದ್ರೆ ಯಾವುದು ಚೆಂದ ಅಂತ ಹೇಗೆ ಹೇಳೋದು? ಕಿಟಕಿಗೆ ಹಿಡಿದು ನೋಡಿ. ತೂತುಗಳು ಸೂಜಿ ಚುಚ್ಚಿದಂಗೆ ಇದ್ದು ಬಟ್ಟೆ ಕೈಯಲ್ಲಿ ನಿಂತ್ಕೊಂಡ್ರೆ ಕಡ್ಡಿ ಸಣ್ಣದಾಯ್ತು. ತೂತು ಯಾವುದು, ಕುಣಿಕೆ ನಡುವಿನ ಸಂದಿ ಯಾವುದು ಅಂತ ಗೊತ್ತಾಗದಂಗೆ ಎಲ್ಲ ಒಂದೇ ಆಗಿ, ಎರಡು ಸೇರಿಸಿದ ಕಡೆ ಬರೋ ಓರೆ ಗೆರೆ ಮಸುಕಾದ್ರೆ ಕಡ್ಡಿ ದಪ್ಪ ಆಯ್ತು. ನಮ್ಮ ಕಡೆಯ ಹಾಳೆಯಂಥ ತೆಳು ಸಿಹಿತಿಂಡಿ ತೊಡೆದೇವು ಥರ ಇರಬೇಕು, ಬೆಳಕು ಆಚೆಯಿಂದ ಕಾಣಬೇಕು, ಆದ್ರೂ ಹಾಳೆ ಹಾಳೆಯಾಗೇ ಉಳೀಬೇಕು. ಎರಡು ಸೈಜ್ ನಡುವೆ ತಡಕಾಡ್ತಾ ಇದ್ರೆ ಉಣ್ಣೆಗೆ ದಪ್ಪದ್ದು ತಗೊಳ್ಳಿ, ಹತ್ತಿಗೆ ಸಪೂರದ್ದು. ನೀವು ಬಿಗಿಯಾಗಿ ಹೆಣೆಯೋರಾದ್ರೆ ಪ್ಯಾಟರ್ನ್ ಹೇಳಿದ್ದಕ್ಕಿಂತ ಒಂದು ಸೈಜ್ ಮೇಲೆ, ನನ್ನ ಅತ್ತಿಗೆ ಥರ ಟೀವಿ ನೋಡ್ತಾ ಸಡಿಲ ಹೆಣೆಯೋರಾದ್ರೆ ಒಂದು ಕೆಳಗೆ, ಇದ್ರಲ್ಲಿ ನಾಚಿಕೆ ಎಂತ ಇಲ್ಲ.

ಕಡ್ಡಿ ಯಾವುದರದ್ದು ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಲೋಹದ್ದು ಜಾರುತ್ತೆ, ಬೇಗ ಆಗುತ್ತೆ, ರೇಷ್ಮೆಗೆ ಮಾತ್ರ ಬೇಡ, ಕುಣಿಕೆ ಇಳಿದುಬಿಡುತ್ತೆ. ಬಿದಿರಿನದ್ದು ದಾರ ಹಿಡ್ಕೊಳ್ಳುತ್ತೆ, ಹೊಸಬರಿಗೆ ಒಳ್ಳೇದು, ಆದ್ರೆ ಬೆವರು ಕೈಗೆ, ಮಳೆಗಾಲದ ತೇವಕ್ಕೆ ಅಂಟಿದಂಗೆ ಆಗಿ ಕುಣಿಕೆ ಮುಂದೆ ಹೋಗಲ್ಲ. ಬಣ್ಣ ಹೋದ ಹಳೇ ಅಲ್ಯೂಮಿನಿಯಂ ಬಿಳಿ ದಾರಕ್ಕೆ ಬೂದು ಮಸಿ ಹಚ್ಚುತ್ತೆ, ಬಣ್ಣದ ದಾರಕ್ಕೆ ಇಟ್ಕೊಳ್ಳಿ. ತುದಿ ಚೂಪಾಗಿರಬೇಕು, ಮೊಂಡು ತುದಿಯಲ್ಲಿ ಎರಡು ಸೇರಿಸೋದು ಅಂದ್ರೆ ಸೂಜಿಗೆ ಹಗ್ಗ ಪೋಣಿಸಿದಂಗೆ. ಎರಡು ತುದಿ ನಡುವೆ ವಯರು ಇರೋ ದುಂಡು ಕಡ್ಡಿ ಆದ್ರೆ ವಯರು ಸೇರೋ ಜಾಗ ಉಗುರಲ್ಲಿ ಸವರಿ ನೋಡಿ, ಉಗುರು ಸಿಕ್ಕಿದ್ರೆ ಸಪೂರ ದಾರನೂ ಪ್ರತಿ ಸಾಲಲ್ಲಿ ಸಿಕ್ಕಿಕೊಳ್ಳುತ್ತೆ. ಸ್ಯಾಂಪಲ್ ಬಿದಿರಿನ ಕಡ್ಡಿಯಲ್ಲಿ ಮಾಡಿ ಶಾಲು ಸ್ಟೀಲಿನದ್ರಲ್ಲಿ ಹೆಣೆದ್ರೆ, ಸೈಜ್ ಒಂದೇ ಇದ್ರೂ ಅಳತೆ ಸ್ವಲ್ಪ ಬೇರೆ ಬರಬಹುದು, ಎರಡಕ್ಕೂ ಒಂದೇ ಜೋಡಿ ಇರಲಿ.

ಶುರು ಮಾಡೋವಾಗ ಕುಣಿಕೆ ಹಾಕೋಕೆ ಎರಡು ಸೈಜ್ ದಪ್ಪ ಕಡ್ಡಿ, ಆಮೇಲೆ ನಿಮ್ಮ ಕಡ್ಡಿಗೆ ಬದಲಾಯಿಸಿ. ಕೊನೆಗೆ ಮುಚ್ಚೋ ಸಾಲಿಗೂ ಹಾಗೇ, 3.5ರಲ್ಲಿ ಹೆಣೆದಿದ್ರೆ 4.5ರಲ್ಲಿ ಮುಚ್ಚಿ. ಇಲ್ಲಿ ಬಿಗಿಯಾದ್ರೆ ಪಿನ್ ಹಾಕುವಾಗ ಉಳಿದ ಬಟ್ಟೆ ಹಿಗ್ಗುತ್ತೆ, ಈ ಅಂಚು ಮಾತ್ರ ಹಗ್ಗ ಕಟ್ಟಿದಂಗೆ ಎಳೆದು ಹಿಡಿಯುತ್ತೆ, ಅಷ್ಟು ಉದ್ದದ ಅಂಚು ಬಿಚ್ಚಿ ಮತ್ತೆ ಮುಚ್ಚೋದಕ್ಕೆ ನನಗೆ ಒಂದು ಇಡೀ ಭಾನುವಾರ ಹೋಗಿದೆ.